ಬಾಲದ ಕೆಳಗಿನ ಹಲಗೆ

ವಿಮಾನ ಡಿಪೋದವರು ನಮಗೆ ಇನ್ನೂ ಮೂರು ಏಣಿ ಕೊಡಬೇಕು. ನಾಲ್ಕು ಬಾಕಿ ಇತ್ತು, ಒಂದು ಬಂದಿದೆ. ಆ ಒಂದು ಕೂಡ ನಾನು ಗೇಟಿನ ಮುಂದೆ ನಿಂತು ಗಂಟಲು ಹರಿದುಕೊಂಡದ್ದಕ್ಕೆ ಬಂದದ್ದಲ್ಲ. ಸಂಘದ ಮನವಿಗಳಿಗೆ ಬಂದದ್ದೂ ಅಲ್ಲ. ಆ ಮನವಿಗಳ ಮೇಲೆ ಯಾರೋ ಟೀ ಲೋಟ ಇಟ್ಟುಕೊಂಡು ಸುಖವಾಗಿರಬೇಕು. ಗೇಣುದ್ದದ ಒಂದು ಪ್ಲಾಸ್ಟಿಕ್ ಯುದ್ಧವಿಮಾನ ತುಂಬಿದ ಸಭೆಯಲ್ಲಿ ಅಂಡೂರಿ ಕೂತಿತು. ಅದಕ್ಕೆ ಬಂತು.

ಆ ವಿಮಾನ ಮಾಡಿದವಳು ಮಸಿಯಕ್ಕ.

ಅವಳ ಕಥೆಗೆ ಮುಂಚೆ ಅವಳ ಕೆಲಸ ಹೇಳಬೇಕು. ಡಿಪೋಗೆ ಯುದ್ಧವಿಮಾನಗಳು ರಿಪೇರಿಗೂ ಬಣ್ಣಕ್ಕೂ ಬರುತ್ತವೆ. ಬಂದ ಕೂಡಲೇ ಅವನ್ನು ತೊಳೆಯುವ ಶೆಡ್ಡಿಗೆ ಎಳೆದು ತರುತ್ತಾರೆ. ಅಂಥ ಶೆಡ್ಡುಗಳು ನಾಲ್ಕಿವೆ. ತೊಳೆಯುವವರೆಲ್ಲ ಗುತ್ತಿಗೆಯ ಹೆಂಗಸರು. ಅವರಲ್ಲೂ ಮೂತಿಯವರು, ರೆಕ್ಕೆಯವರು, ಬಾಲದವರು ಎಂದು ಪಂಗಡ. ಮೂತಿಯವಳಿಗೆ ಧೂಳು, ಅಂಟಿಕೊಂಡ ಹುಳಹುಪ್ಪಟೆ. ರೆಕ್ಕೆಯವಳಿಗೆ ಎಣ್ಣೆ. ಬಾಲದವಳಿಗೆ ಮಸಿ, ಎಂಜಿನ್ ಬೆಂಕಿ ಉಗುಳುವ ಕೊಳವೆ ಇರುವುದೇ ಅಲ್ಲಿ. ಹೊಸಬರನ್ನು ಬಾಲಕ್ಕೆ ಹಾಕುತ್ತಾರೆ, ಹಳಬರಾದ ಮೇಲೆ ರೆಕ್ಕೆಗೆ ಏರಿಸುತ್ತಾರೆ. ಇವಳನ್ನು ಏರಿಸಲೇ ಇಲ್ಲ. ಮೇಲ್ವಿಚಾರಕನಿಗೆ ಒಂದಕ್ಕೆರಡು ಕೊಡುವ ಬಾಯಿ ಅವಳದು. ಕೂದಲು ನೆರೆಯುವವರೆಗೂ ಬಾಲದಲ್ಲೇ ಉಳಿದಳು. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಹೆತ್ತವರು ಇಟ್ಟ ಹೆಸರು ಹಾಜರಿ ಕೂಗುವವನಿಗೇ ಮರೆತು, ಅವನೂ "ಮಸಿಯಕ್ಕಾ" ಎಂದೇ ಕೂಗುತ್ತಿದ್ದ.

ಬಾಲದ ರೆಕ್ಕೆ ಆಳೆತ್ತರಕ್ಕಿಂತ ಎಷ್ಟೋ ಮೇಲಿದೆ. ಹತ್ತಲು ಏನು ಕೊಟ್ಟಿದ್ದರು? ಎರಡು ಖಾಲಿ ಎಣ್ಣೆ ಡ್ರಮ್ಮು, ಒಂದು ಹಲಗೆ. ಕೊಳವೆಯ ಆಚೆಗೊಂದು ಈಚೆಗೊಂದು ಡ್ರಮ್ಮು ನಿಲ್ಲಿಸಿ, ಹಲಗೆಯನ್ನು ಕೊಳವೆಯ ಹೊಟ್ಟೆಯ ಕೆಳಗಿಂದ ಹಾಯಿಸುತ್ತಿದ್ದರು. ಹಲಗೆಯ ಎರಡು ತುದಿ ಡ್ರಮ್ಮಿನಿಂದಾಚೆಗೆ ಚಾಚಿರುತ್ತಿತ್ತು. ಒಂದು ತುದಿಗೆ ಒಬ್ಬಳು, ಇನ್ನೊಂದು ತುದಿಗೆ ಇನ್ನೊಬ್ಬಳು. ಇಬ್ಬರೂ ಒಟ್ಟಿಗೆ ಹತ್ತಬೇಕು, ಒಟ್ಟಿಗೆ ಇಳಿಯಬೇಕು. ಒಬ್ಬಳೇ ಇಳಿದಳೋ, ಇನ್ನೊಬ್ಬಳ ತುದಿ ಕುಸಿದು ಅವಳು ಕಾಂಕ್ರೀಟಿಗೆ. ಹಾಗಾಗಿ ಬಾಲದವರಲ್ಲಿ ಒಂದು ಕಟ್ಟಳೆ ಇತ್ತು. "ಇಳಿಯೋಣ್ವಾ?" ಎಂದು ಕೇಳಬೇಕು. ಆಚೆಯವಳು "ಇಳಿಯೋಣ" ಎಂದ ಮೇಲೆಯೇ ಕಾಲು ಕೆಳಗೆ. ಗಂಡನ ಜೊತೆ ಮಾತು ಬಿಟ್ಟವರಿದ್ದರು, ಅತ್ತೆಯ ಜೊತೆ ಮಾತು ಬಿಟ್ಟವರಿದ್ದರು. ಹಲಗೆಯ ಆಚೆ ತುದಿಯವಳ ಜೊತೆ ಮಾತು ಬಿಟ್ಟವರು ಯಾರೂ ಇರಲಿಲ್ಲ.

ನಾವು ಕೇಳಿದ್ದು ಅರಮನೆಯಲ್ಲ. ಶೆಡ್ಡಿಗೊಂದು ಏಣಿ, ಚಕ್ರ ಇರಬೇಕು, ಮೇಲೆ ನಿಲ್ಲಲು ಕಟ್ಟೆ ಇರಬೇಕು, ಸುತ್ತ ಹಿಡಿಯಲು ಕಂಬಿ ಇರಬೇಕು. ಪೈಲಟ್ ಹತ್ತಲು ಅಂಥದ್ದೇ ಒಂದು ಚಂದದ ಏಣಿ ಪ್ರತಿ ವಿಮಾನದ ಪಕ್ಕದಲ್ಲೂ ಇರುತ್ತದೆ, ಕೆಂಪು ಬಣ್ಣ ಬಳಿದದ್ದು. ತೊಳೆಯುವವಳಿಗೆ ಯಾಕಿಲ್ಲ ಎಂದು ಕೇಳಿದರೆ, "ಮುಂದಿನ ಸಲ ನೋಡೋಣ" ಎನ್ನುತ್ತಿದ್ದರು. ಮುಂದಿನ ಸಲ ಎಂಬುದು ನಾಯಿಯ ಬಾಲಕ್ಕೆ ಕಟ್ಟಿದ ಬಿಸ್ಕತ್ತು. ನಾಯಿ ಸುತ್ತುತ್ತಲೇ ಇರಬೇಕು.

ಒಂದು ದಿನ ಮೇಲ್ವಿಚಾರಕ ಬಂದು, ಆಚೆ ತುದಿಯಲ್ಲಿದ್ದ ಹೊಸ ಹುಡುಗಿಯನ್ನು "ಏಯ್, ಬಾ ಇಲ್ಲಿ, ಬೇಗ" ಎಂದು ಗದರಿದ. ಕೆಲಸಕ್ಕೆ ಸೇರಿ ವಾರವಾಗದ ಹುಡುಗಿ. ಹೆದರಿ ಧುಮುಕಿದಳು. ಮಸಿಯಕ್ಕ ಸೋಪಿನ ನೀರಿನ ಬಕೆಟ್ಟಿನ ಸಮೇತ ಬಿದ್ದಳು. ಸೊಂಟದ ಕೀಲು ಮುರಿಯಿತು. ಆಸ್ಪತ್ರೆಯಲ್ಲಿ ಉಕ್ಕಿನ ಸರಳು ಹಾಕಿದರು. ಮೇಲ್ವಿಚಾರಕ ಎಲ್ಲರ ಮುಂದೆ ಹೇಳಿದ: "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ. ಇವಳನ್ನ ಯಾರು ಹತ್ತು ಅಂದೋರು?"

ಗುತ್ತಿಗೆ ಮುಗಿಯಿತು ಎಂದರು. ಮನೆಗೆ ಕಳಿಸುವಾಗ ಬರಿಗೈಲಿ ಕಳಿಸಲಿಲ್ಲ, ಅದೂ ಹೇಳಬೇಕು. ಯಾವುದೋ ವಾರ್ಷಿಕೋತ್ಸವದಲ್ಲಿ ಅಧಿಕಾರಿಗಳ ಮಕ್ಕಳಿಗೆ ಹಂಚಿ ಮಿಕ್ಕಿದ್ದ ಆಟದ ಪೆಟ್ಟಿಗೆಗಳು ಕಪಾಟಿನಲ್ಲಿ ಕೊಳೆಯುತ್ತಿದ್ದವು. ಬಿಡಿ ಭಾಗಗಳನ್ನು ಜೋಡಿಸಿ ಅಂಟಿಸಿ ಬಣ್ಣ ಬಳಿಯುವ ಪ್ಲಾಸ್ಟಿಕ್ ಯುದ್ಧವಿಮಾನ; ಡಿಪೋಗೆ ಬರುವ ಎರಡು ಸೀಟಿನ ವಿಮಾನದ್ದೇ ಮರಿ. ಅದರಲ್ಲೊಂದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಅವಳ ಮಡಿಲಿಗೆ ಹಾಕಿದರು. ಸೊಂಟಕ್ಕೆ ಬದಲು ಗೊಂಬೆ.

ಮಸಿಯಕ್ಕನ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಬೀದಿಗೆ ತೆರೆಯುವ ಒಂದು ಕಿಟಕಿ. ಬಾಗಿಲ ಬಳಿ ಗಂಡನ ಹೊಲಿಗೆ ಯಂತ್ರ. ದರ್ಜಿ ಅವನು, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವನು. ಕಿಟಕಿ ಕೆಳಗೆ ಅವನು ಬಟ್ಟೆ ಕತ್ತರಿಸುವ ಮೇಜು. ಅರ್ಧ ಮೇಜನ್ನು ಅವಳು ಆಕ್ರಮಿಸಿಕೊಂಡಳು. ಪೆಟ್ಟಿಗೆಯ ಮುಚ್ಚಳದ ಮೇಲೆ ವಿಮಾನ ಮೋಡ ಸೀಳಿಕೊಂಡು ಹೋಗುವ ಚಿತ್ರ. ಒಳಗೆ ಬೂದು ಕಡ್ಡಿಗಳ ಚೌಕಟ್ಟು, ಅದಕ್ಕೆ ಹಣ್ಣಿನ ಹಾಗೆ ಜೋತುಬಿದ್ದ ಚಿಕ್ಕ ಚಿಕ್ಕ ಭಾಗಗಳು. ಬಾಂಬು ಇತ್ತು, ಕ್ಷಿಪಣಿ ಇತ್ತು, ಚಕ್ರ ಇತ್ತು, ಇಬ್ಬರು ಪೈಲಟ್‌ಗಳಿದ್ದರು. ಪೈಲಟ್ ಹತ್ತುವ ಏಣಿಯೂ ಇತ್ತು! ಅವಳು ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳಂತೆ.

"ನೋಡ್ರೀ, ಆಟದ ಸಾಮಾನಲ್ಲೂ ಅವರಿಗೇ ಏಣಿ."

ಗಂಡ ಪಿನ್ನುಗಳ ಸಂದಿಯಿಂದ ನಕ್ಕ. "ಅಷ್ಟು ವರ್ಷ ತೊಳೆದಿದ್ದು ಸಾಲ್ಲಿಲ್ವೇನೇ? ಈಗ ಮನೇಲೊಂದು ಕಟ್ಕೊಂಡು ತೊಳೀತೀಯಾ?"

"ಇದನ್ನ ತೊಳಿಯಲ್ಲ ರೀ. ಇದಕ್ಕೆ ಮಸಿ ಬಳೀತೀನಿ."

ಮೊದಲ ದಿನಗಳಲ್ಲಿ ಅವಳು ಮಾಡಿದ್ದೆಲ್ಲ ಎಡವಟ್ಟು. ಭಾಗಗಳನ್ನು ಕೈಯಿಂದ ಮುರಿದಳು. ಚಕ್ರದ ಗೂಡಿನ ಒಂದು ಬಾಗಿಲಿನ ಮೂಲೆ ಹಾರಿಹೋಯಿತು. ಉಗುರು ಕತ್ತರಿಸುವ ಕತ್ತರಿಯಲ್ಲಿ ಬಿಡಿಸುವುದನ್ನು ಆಮೇಲೆ ಕಲಿತಳು. ಅಂಟು ಎಂದರೆ ಇದು ಗೋಂದಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದು ಮಾಡುವ ದ್ರವ. ಅದು ಗೊತ್ತಿಲ್ಲದೆ ಧಾರಾಳವಾಗಿ ಸುರಿದು ರೆಕ್ಕೆಯನ್ನು ಒತ್ತಿ ಹಿಡಿದಳು. ರೆಕ್ಕೆಯ ಮೇಲೆ ಅವಳ ಹೆಬ್ಬೆಟ್ಟು ಗೆರೆ ಸಮೇತ ಅಚ್ಚಾಯಿತು. ನಾನು ಆ ವಾರವೇ ನೋಡಲು ಹೋಗಿದ್ದೆ.

"ಅಣ್ಣಾ, ಸಂಬಳಕ್ಕೆ ಒತ್ತಿದ ಹೆಬ್ಬೆಟ್ಟೆಲ್ಲ ಅವರ ಹತ್ರ ಉಳೀತು. ಇದೊಂದು ನನ್ನ ಹತ್ರ" ಎಂದಳು. ಆದರೂ ಉಜ್ಜಿ ತೆಗೆದಳು. ಅವಳಿಗೆ ಕೆಲಸ ಅಂದವಾಗಿರಬೇಕು.

ಉಜ್ಜುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನೀರಲ್ಲಿ ಅದ್ದಿದ ನುಣುಪು ಮರಳುಕಾಗದ, ಬೆರಳ ತುದಿ, ತಾಳ್ಮೆ. ಉಳಿದದ್ದನ್ನು ಕಲಿಸಿದವನು ಎರಡು ಬೀದಿ ಆಚೆಯ ಹವ್ಯಾಸದಂಗಡಿಯವನು. ಗಾಳಿಪಟದ ನೂಲು, ಪುಟ್ಟ ಬಣ್ಣದ ಡಬ್ಬಿ, ಅಂಟು, ಇಂಥ ಪೆಟ್ಟಿಗೆಗಳು ಅವನ ವ್ಯಾಪಾರ. ಮಾದರಿ ಕಟ್ಟುವವರ ಕೂಟಕ್ಕೆ ಕಾರ್ಯದರ್ಶಿಯೂ ಅವನೇ. ಊರುಗೋಲು ಹಿಡಿದು ಬಂದ ಇವಳನ್ನು ಮೊದಲ ದಿನ "ಮೊಮ್ಮಗನಿಗಾ ಅಕ್ಕಾ?" ಎಂದು ಕೇಳಿ ಬೈಸಿಕೊಂಡ. ಆಮೇಲೆ ಅವನೇ ಕೂಡಿಸಿ ಹೇಳಿಕೊಟ್ಟ: ಸಂದು ಉಳಿದರೆ ಮೆತ್ತುವುದು ಹೇಗೆ, ಗಾಜಿನ ಮುಚ್ಚಳದ ಮೇಲೆ ಪಟ್ಟಿ ಅಂಟಿಸಿ ಬಣ್ಣ ಹೊಡೆಯುವುದು ಹೇಗೆ, ತಗಡಿನ ಗೆರೆಗಳಿಗೆ ತೆಳು ಕಪ್ಪು ಹರಿಸಿ ಒರೆಸುವುದು ಹೇಗೆ.

ನೀರಲ್ಲಿ ನೆನೆಸಿ ಜಾರಿಸಿ ಕೂರಿಸುವ ಚೀಟಿಗಳ ಹಾಳೆಯೊಂದಿತ್ತು. ಇರುವೆ ಸಾಲಿನಂಥ ಅಕ್ಷರ. ಇಲ್ಲಿ ಕಾಲಿಡಬೇಡಿ, ಇಲ್ಲಿ ಕೈ ಹಾಕಬೇಡಿ, ಇಲ್ಲಿ ಒತ್ತಬೇಡಿ. ಗಂಡನ ಭೂತಗನ್ನಡಿ ಹಿಡಿದು ಒಂದೊಂದನ್ನೇ ಕುಂಚದ ತುದಿಯಲ್ಲಿ ಎಳೆದು ಕೂರಿಸಿದಳು. ನಿಜವಾದ ವಿಮಾನದ ಮೇಲೆ ಈ ಅಕ್ಷರ ಅಳಿಸಬಾರದೆಂದು ಸುತ್ತ ಜೋಪಾನವಾಗಿ ತೊಳೆಯುತ್ತಿದ್ದವಳು ಅವಳು.

"ಕಾಲಿಡಬಾರದ ಜಾಗ ಇಷ್ಟೊಂದಿದೆ. ಕಾಲು ಎಲ್ಲಿಡ್ಬೇಕು ಅಂತ ಒಂದು ಚೀಟಿನೂ ಇಲ್ವಲ್ಲ ತಮ್ಮಾ" ಎಂದು ಅಂಗಡಿಯವನನ್ನು ಕೇಳಿದಳು.

ಕೊನೆಗೆ ಮಸಿ. ಪೆನ್ಸಿಲ್ಲಿನ ಸೀಸವನ್ನು ಪುಡಿ ಮಾಡಿ ಬೆರಳಲ್ಲಿ ತಿಕ್ಕಿದಳು. ಕೊಳವೆಯ ಬಾಯಿಗೆ ಮೊದಲು ಒಣಹುಲ್ಲಿನ ಬಣ್ಣ, ಅದರ ಹಿಂದೆ ನೇರಳೆ, ಅದರ ಹಿಂದೆ ನೀಲಿ; ಸುಟ್ಟ ಲೋಹ ಹಾಗೇ ತಿರುಗುವುದು. ಬಾಲದ ರೆಕ್ಕೆಯ ಮೇಲೆ ಒರೆಸಿದ ಬಟ್ಟೆಯ ಅರ್ಧಚಂದ್ರದ ಗುರುತು ಕೂಡ ಬಿಡಿಸಿದಳು: ಇಷ್ಟು ತೊಳೆದಾಗಿದೆ, ಇಷ್ಟು ಬಾಕಿ ಇದೆ.

ಎಲ್ಲ ಒಣಗಿದ ಮೇಲೆ ವಿಮಾನವನ್ನು ಅದರ ಮೂರು ಚಕ್ರಗಳ ಮೇಲೆ ಮೇಜಿನ ಮೇಲಿಟ್ಟು ಕೈ ಬಿಟ್ಟಳು. ವಿಮಾನ ಮೂತಿ ಎತ್ತಿ, ಹಿಂದಕ್ಕೆ ವಾಲಿ, ಟಕ್ ಎಂದು ಬಾಲದ ಮೇಲೆ ಕೂತಿತು. ಮತ್ತೆ ನಿಲ್ಲಿಸಿದಳು. ಮತ್ತೆ ಕೂತಿತು. ಹಟಮಾರಿ ಕತ್ತೆಯಂತೆ.

ಅಂಗಡಿಯವನನ್ನು ಕರೆಸಿದರೆ ಅವನು ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಅಕ್ಕಾ, ಮೂತಿಯೊಳಗೆ ತೂಕ ಹಾಕಿಲ್ವಾ? ಸೂಚನೆ ಹಾಳೇಲಿ ಚಿತ್ರ ಇತ್ತಲ್ಲ."

ಚಿತ್ರ ಇತ್ತು. ನೋಡಿಯೂ ಇದ್ದಳು. ಪ್ಲಾಸ್ಟಿಕ್ ವಿಮಾನದ ಮೂತಿ ಟೊಳ್ಳು; ಒಳಗೆ ಸೀಸದ ಗುಂಡು ತುಂಬಿ ಮುಚ್ಚದಿದ್ದರೆ ಹಿಂದಿನ ಭಾರಕ್ಕೆ ಕೂರುತ್ತದೆ. ಮಾದರಿ ಕಟ್ಟುವ ಎಳೆಯರಿಗೂ ಗೊತ್ತಿರುವ ಮಾತು. ಆದರೆ ಇವಳು ನಿಜವಾದ ವಿಮಾನದ ಕೆಳಗೆ ಆಯಸ್ಸು ಕಳೆದವಳು. "ಯಾವ ವಿಮಾನದ ಮೂತಿಗೂ ಗುಂಡು ಕಲ್ಲು ತುಂಬೋದನ್ನ ನಾನು ನೋಡಿಲ್ಲಪ್ಪಾ. ಯಾರೋ ತಪ್ಪಾಗಿ ಬಿಡಿಸಿದ್ದಾರೆ ಅಂದ್ಕೊಂಡೆ" ಎಂದಳು.

ಈಗ ಮೂತಿ ಅಂಟಿ, ಮೆತ್ತಿ, ಉಜ್ಜಿ, ಬಣ್ಣ ಕಂಡಾಗಿತ್ತು. ಅಂಗಡಿಯವನು ಎರಡು ದಾರಿ ಹೇಳಿದ: ಮೂತಿ ಕೊಯ್ದು ತೂಕ ತುಂಬಿ ಮತ್ತೆ ಮುಚ್ಚುವುದು, ಇಲ್ಲವೇ ಬಾಲದ ಕೆಳಗೆ ಕಾಣದ ಹಾಗೆ ಪಾರದರ್ಶಕ ಕಡ್ಡಿಯೊಂದನ್ನು ಆನಿಸುವುದು. "ಎಲ್ಲರೂ ಮಾಡೋ ಕಳ್ಳಾಟ ಅಕ್ಕಾ, ಯಾರೂ ತಪ್ಪು ತಿಳಿಯಲ್ಲ."

"ಕಾಣದ ಹಾಗೆ ಯಾಕೆ?" ಎಂದಳು ಮಸಿಯಕ್ಕ. "ಅಲ್ಲಿ ಇದ್ದದ್ದು ಕಾಣೋ ಹಾಗೇ ಇತ್ತಲ್ಲ."

ಬಾಲ್‌ಪೆನ್ನಿನ ಕೊಳವೆ ಕತ್ತರಿಸಿ ಎರಡು ಡ್ರಮ್ಮು ಮಾಡಿದಳು. ಐಸ್‌ಕ್ರೀಂ ಕಡ್ಡಿ ಸೀಳಿ, ಹೆರೆದು, ಹಲಗೆ ಮಾಡಿದಳು. ಡ್ರಮ್ಮಿನ ಮೇಲೆ ಹಲಗೆ ಇಟ್ಟು ಕೊಳವೆಯ ಹೊಟ್ಟೆಗೆ ತಾಗುವಂತೆ ಹಾಯಿಸಿದಳು. ವಿಮಾನ ನಿಂತಿತು. ಅಲ್ಲಾಡದೆ ನಿಂತಿತು.

ಅಷ್ಟಕ್ಕೇ ಬಿಡಲಿಲ್ಲ. ಪೈಲಟ್‌ಗಳಿಬ್ಬರನ್ನು ಹೊರಕ್ಕೆಳೆದಳು. ಅರದಲ್ಲಿ ತಲೆಯ ಹೆಲ್ಮೆಟ್ಟು ಉಜ್ಜಿ ತೆಗೆದಳು, ಮೇಣದ ಬತ್ತಿಯ ಶಾಖಕ್ಕೆ ಹಿಡಿದು ಮಡಿಸಿದ ಮಂಡಿ ನೆಟ್ಟಗೆ ಮಾಡಿದಳು, ತೆಳು ಕಾಗದದಲ್ಲಿ ತಲೆಗೆ ವಸ್ತ್ರ ಕಟ್ಟಿದಳು, ದರ್ಜಿಯ ಕಪ್ಪು ದಾರದ ತುಣುಕಿನಿಂದ ಕುಂಚ ಮಾಡಿ ಕೈಗೆ ಕೊಟ್ಟಳು. ಬೆರಳ ಗೆಣ್ಣಷ್ಟು ಎತ್ತರದ ಇಬ್ಬರು ಹೆಂಗಸರು ಹಲಗೆಯ ಎರಡು ತುದಿಗೆ ಅಂಟಿ ನಿಂತರು. ಚಾಲಕರ ಎರಡೂ ಕುರ್ಚಿ ಖಾಲಿ. ಕೆಂಪು ಏಣಿಯನ್ನು ಮಾತ್ರ ಅದರ ಜಾಗದಲ್ಲೇ ಮೂತಿಯ ಪಕ್ಕ ನಿಲ್ಲಿಸಿದ್ದಳು.

ಸಂಜೆ ಮಗಳು ಕೆಲಸದಿಂದ ಬಂದಳು. ಎಲ್ಲಿಯ ಕೆಲಸ? ಅಮ್ಮ ಬಿದ್ದ ಶೆಡ್ಡಿನದೇ. ಸರಳು ಹಾಕಿಸಿಕೊಂಡ ಸೊಂಟಕ್ಕೆ ಔಷಧಿ ಬೇಕು, ಹೊಲಿಗೆ ಯಂತ್ರ ಒಂದೇ ಮನೆ ನಡೆಸುವುದಿಲ್ಲ, ಗುತ್ತಿಗೆದಾರ "ಅಮ್ಮನ ಜಾಗಕ್ಕೆ ಮಗಳು ಬರಲಿ" ಎಂದು ಉಪಕಾರ ಮಾಡಿದ್ದ. ಬಿದ್ದವಳ ಮಗಳು ಅದೇ ಹಲಗೆಯ ಅದೇ ತುದಿಯಲ್ಲಿ ನಿಲ್ಲುತ್ತಿದ್ದಳು.

ಮೇಜಿನ ಬಳಿ ಬಗ್ಗಿ ನೋಡಿದಳು. "ಈ ಕಡೆ ನಿಂತಿರೋಳು ಯಾರಮ್ಮಾ?"

"ನಾನು."

"ಆ ಕಡೆ?"

"ನೀನು. ಇನ್ಯಾರು?"

ಮಗಳ ಮುಖ ಬಿಗಿಯಿತು. "ಇದನ್ನ ಯಾರಿಗೂ ತೋರಿಸ್ಬೇಡ."

"ಕೂಟದವರ ಪ್ರದರ್ಶನಕ್ಕೆ ಇಡ್ತೀನಿ. ಹೆಸರು ಕೊಟ್ಟಾಯ್ತು."

"ಅಮ್ಮಾ! ಆ ಪ್ರದರ್ಶನ ನಡೆಯೋದು ಡಿಪೋ ಸಭಾಂಗಣದಲ್ಲಿ. ಉದ್ಘಾಟನೆಗೆ ದೊಡ್ಡ ಸಾಹೇಬ್ರೇ ಬರ್ತಾರೆ. ನನ್ನ ಕೆಲಸ ಹೋಗತ್ತೆ."

"ಕೆಲಸ ಹೋದ್ರೆ ಇನ್ನೊಂದು ಸಿಗತ್ತೆ ಕಣೇ. ಸೊಂಟ ಹೋದ್ರೆ? ನನ್ನದನ್ನ ಕೊಡೋಣ ಅಂದ್ರೆ ನಂದೂ ತುಕ್ಕು ಹಿಡಿದಿದೆ."

"ನಿಂಗೆ ತಮಾಷೆ. ಬಾಡಿಗೆ ಯಾರು ಕಟ್ತಾರೆ? ಅಪ್ಪನ ಗುಂಡುಪಿನ್ನಾ?"

ಅಪ್ಪ ಪೆಡಲು ತುಳಿಯುವುದನ್ನು ನಿಲ್ಲಿಸಿದ. ತಾಯಿ ಮಗಳು ಆ ವಾರವೆಲ್ಲ ಮಾತು ಬಿಟ್ಟರು. ಒಂದೇ ಕೋಣೆಯಲ್ಲಿ ಮಾತು ಬಿಡುವುದು ಸುಲಭವಲ್ಲ. "ಉಪ್ಪು ಎಲ್ಲಿದೆ ಅಂತ ನಿಮ್ಮ ಮಗಳನ್ನ ಕೇಳಿ", "ಕಣ್ಣೆದುರಿಗೇ ಇದೆ ಅಂತ ನಿಮ್ಮ ಹೆಂಡ್ತಿಗೆ ಹೇಳಿ" ಎಂದು ದರ್ಜಿ ಇಬ್ಬರ ನಡುವೆ ಟಪಾಲಿನವನಾದ.

ನನಗೂ ಆ ವಿಮಾನದ ಮೇಲೆ ಕಣ್ಣಿತ್ತು. ಗೇಟು ಸಭೆಗೆ ತಂದರೆ ಮೇಜಿನ ಮೇಲಿಟ್ಟು ಭಾಷಣ ಹೊಡೆಯಬಹುದು ಎಂದೆ. ಮಸಿಯಕ್ಕ ಕೈ ಮುಗಿದಳು. "ಅಣ್ಣಾ, ನಿಮ್ಮ ಸಭೆಗೆ ಬರೋರಿಗೆಲ್ಲ ಏಣಿ ಇಲ್ಲ ಅಂತ ಗೊತ್ತು. ಗೊತ್ತಿಲ್ಲದವರ ಮುಂದೆ ಇಡೋಕೆ ಬಿಡಿ."

ಪ್ರದರ್ಶನದ ದಿನ ಸಭಾಂಗಣದಲ್ಲಿ ಉದ್ದದ ಮೇಜುಗಳು, ಬಿಳಿ ಬಟ್ಟೆ, ವಿಮಾನಗಳ ಸಾಲು. ಎಲ್ಲವೂ ಥಳಥಳ. ಕೆಲವು ಗಾಜಿನ ಕಂಬದ ಮೇಲೆ ಹಾರುತ್ತಿದ್ದವು. ಕೂಟದ ಒಂದು ನಿಯಮವಿತ್ತು: ವಿಮಾನವನ್ನು ತಳಕ್ಕೆ ಅಂಟಿಸಬಾರದು, ತೀರ್ಪುಗಾರರು ಎತ್ತಿ ಹೊಟ್ಟೆಯ ಕೆಳಗೆ ಟಾರ್ಚು ಬಿಟ್ಟು ನೋಡುತ್ತಾರೆ. ಹಾಗಾಗಿ ಮಸಿಯಕ್ಕನ ವಿಮಾನ, ಡ್ರಮ್ಮು, ಹಲಗೆ ಯಾವುದೂ ಒಂದಕ್ಕೊಂದು ಅಂಟಿರಲಿಲ್ಲ. ಅವಳು ಊರುಗೋಲು ಆನಿಸಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಪಾಳಿ ಮುಗಿಸಿದ ಬಾಲದ ಹೆಂಗಸರು ಒದ್ದೆ ಬೂಟಿನಲ್ಲೇ ಬಂದು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಮಗಳೂ ಅವರೊಳಗಿದ್ದಳು, ಎಲ್ಲರಿಗಿಂತ ಹಿಂದೆ.

ತೀರ್ಪುಗಾರ ಒಬ್ಬ ಹಲ್ಲಿನ ಡಾಕ್ಟರು. ಹಲ್ಲು ಕೆರೆಯುವ ಕೊಕ್ಕೆಯಲ್ಲೇ ತನ್ನ ವಿಮಾನಗಳ ಗೆರೆ ಕೊರೆಯುತ್ತಾನೆಂದು ಅವನಿಗೆ ಹೆಸರು. ಮಸಿಯಕ್ಕನ ಕೊಳವೆಯ ನೇರಳೆ ನೀಲಿಯನ್ನು ಬಹಳ ಹೊತ್ತು ನೋಡಿ "ಚೆನ್ನಾಗಿದೆ" ಎಂದ. ಆಗ ದೊಡ್ಡ ಸಾಹೇಬರು, ಎಂದರೆ ಡಿಪೋದ ಮುಖ್ಯಸ್ಥರು, ಹಿಂಬಾಲಕರೊಂದಿಗೆ ಅಲ್ಲಿಗೆ ಬಂದು ನಿಂತರು.

"ಇದೇನು ಕೆಳಗೆ?"

"ಡ್ರಮ್ಮು ಸಾರ್" ಎಂದಳು ಮಸಿಯಕ್ಕ.

"ನಮ್ಮ ಡಿಪೋದಲ್ಲಿ ಡ್ರಮ್ಮಿನ ಮೇಲೆ ಯಾರೂ ನಿಲ್ಲೋದಿಲ್ಲ."

"ಹೌದು ಸಾರ್. ನಿಲ್ಲೋಕಾಗಲ್ಲ. ಬೀಳ್ತಾರೆ."

ಹಿಂದೆ ಯಾರೋ ಕೆಮ್ಮಿದರು. ಸಾಹೇಬರು ಡಾಕ್ಟರ ಕಡೆ ತಿರುಗಿದರು. "ಇದು ವಿಮಾನಗಳ ಸ್ಪರ್ಧೆ ಅಲ್ವಾ? ಈ ಕಸವೆಲ್ಲ ಯಾಕೆ?" ಡಾಕ್ಟರು ಮುಜುಗರದಿಂದ, ಸುತ್ತಲಿನ ಅಲಂಕಾರಕ್ಕೆ ಅಂಕವಿಲ್ಲ, ವಿಮಾನಕ್ಕೆ ಮಾತ್ರ ಎಂದು ಗೊಣಗಿದ.

"ಹಾಗಾದ್ರೆ ತೆಗೀರಿ."

"ಬೇಡ ಸಾರ್" ಎಂದ ಅಂಗಡಿಯವನು, ಗಾಬರಿಯಿಂದ. "ತೆಗೆದ್ರೆ…"

ಅವನ ಮಾತು ಮುಗಿಯಲಿಲ್ಲ. ಸಾಹೇಬರು ತಾವೇ ಎರಡು ಬೆರಳು ಹಾಕಿ ಹಲಗೆಯನ್ನು ಹೆಂಗಸರ ಸಮೇತ ಸರಕ್ಕನೆ ಎಳೆದರು.

ವಿಮಾನ ಒಂದು ಗಳಿಗೆ ಯೋಚಿಸಿತು. ಆಮೇಲೆ ಮೂತಿ ಎತ್ತಿ, ನಿಧಾನಕ್ಕೆ ಹಿಂದಕ್ಕೆ ವಾಲಿ, ಟಕ್ ಎಂದು ಅಂಡೂರಿ ಕೂತಿತು. ಪೈಲಟ್ಟಿನ ಕೆಂಪು ಏಣಿ ಬದಿಗೆ ಬಿತ್ತು.

ಸಾಹೇಬರು ಎಡಗೈಯಲ್ಲಿ ಅದನ್ನು ಎತ್ತಿ ನಿಲ್ಲಿಸಿದರು. ಕೂತಿತು. ಮೂತಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದರು. ಬೆರಳು ತೆಗೆದರು. ಕೂತಿತು. ಗೋಡೆಯ ಬಳಿ ಒಬ್ಬಳ ನಗು ಉಕ್ಕಿತು, ಅದಕ್ಕೆ ಇನ್ನೊಬ್ಬಳದು ಸೇರಿತು, ಆಮೇಲೆ ಸಭಾಂಗಣವೇ ನಕ್ಕಿತು. ಟೈ ಕಟ್ಟಿದವರೂ ನಕ್ಕರು. ನಗು ಜಾತಿಗೆಟ್ಟದ್ದು, ಯಾರ ಬಾಯಿಗೆ ಬೇಕಾದರೂ ಬರುತ್ತದೆ.

"ಏನಮ್ಮಾ ಇದು? ಸರಿಯಾಗಿ ಮಾಡೋಕೇ ಬಂದಿಲ್ಲ ನಿಂಗೆ" ಎಂದರು ಸಾಹೇಬರು, ಕೆಂಪಾಗಿ.

ಮಸಿಯಕ್ಕ ಊರುಗೋಲು ಒತ್ತಿ ಎದ್ದು ನಿಂತಳು. "ಹೌದು ಸಾರ್. ಮೂತೀಲಿ ತೂಕ ಇಲ್ಲ, ತಪ್ಪು ನಂದೇ. ಆದ್ರೆ ನಿಮ್ಮ ವಿಮಾನ ಇಷ್ಟು ವರ್ಷ ಈ ಹಲಗೆ ಮೇಲೇ ನಿಂತಿತ್ತು. ಬೇಡ ಅಂದ್ರೆ ತೆಗೀರಿ. ಕೂತ್ಕೊಳ್ಳತ್ತೆ. ಇಲ್ಲಾಂದ್ರೆ ಏಣಿ ಕೊಡಿ."

ಸಾಹೇಬರು ಹೊರಟರು. ಹಲಗೆ ಕೈಯಲ್ಲೇ ಇತ್ತು. ಎಲ್ಲಿಡುವುದೆಂದು ತಿಳಿಯದೆ, ಎಲ್ಲರೂ ನೋಡುತ್ತಿದ್ದಂತೆಯೇ, ಕೋಟಿನ ಜೇಬಿಗೆ ಹಾಕಿಕೊಂಡರು. ಇಬ್ಬರು ಹೆಂಗಸರು ಕುಂಚ ಹಿಡಿದುಕೊಂಡೇ ಜೇಬಿನೊಳಗೆ ಹೋದರು. ಇನ್ನೂ ವಾಪಸು ಬಂದಿಲ್ಲ.

ಬಹುಮಾನ ಬರಲಿಲ್ಲ. "ಸ್ವಂತ ಕಾಲ ಮೇಲೆ ನಿಲ್ಲದ ಮಾದರಿ" ಎಂದು ಡಾಕ್ಟರು ಹೊರಗಿಟ್ಟ. ನಿಯಮದ ಪ್ರಕಾರ ಅದು ಸರಿಯೇ. ಮಸಿಯಕ್ಕನಿಗೂ ಅದರ ಬಗ್ಗೆ ತಕರಾರಿಲ್ಲ.

ಮರುದಿನ ಬೆಳಗ್ಗೆ ಮೇಲ್ವಿಚಾರಕ ನಾಲ್ಕೂ ಶೆಡ್ಡಿನಿಂದ ಡ್ರಮ್ಮುಗಳನ್ನು ಉರುಳಿಸಿ ಹೊರಗೆ ಹಾಕಿಸಿದ. ಯಾರಾದರೂ ಫೋಟೋ ಹಿಡಿದಾರು ಎಂಬ ಭಯ. ಡ್ರಮ್ಮು ಹೋಯಿತು, ಏಣಿ ಬರಲಿಲ್ಲ. "ನಿಂತ್ಕೊಂಡೇನ್ರೇ ನೋಡ್ತೀರಾ? ತೊಳೀರಿ" ಎಂದ.

ಬಾಲದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಾಡಿದವಳು ಮಗಳು. ವಾರದಿಂದ ಅಮ್ಮನ ಜೊತೆ ಮಾತು ಬಿಟ್ಟವಳು, ಕೆಲಸ ಹೋಗುತ್ತದೆಂದು ಹೆದರಿ ಎಲ್ಲರಿಗಿಂತ ಹಿಂದೆ ನಿಂತವಳು.

"ತೊಳೀತೀವಿ ಸಾರ್. ಕೈ ಎಟುಕೋವಷ್ಟು."

ಹಾಗೇ ತೊಳೆದರು. ಆ ದಿನ ಶೆಡ್ಡುಗಳಿಂದ ಹೊರಬಂದ ವಿಮಾನಗಳನ್ನು ನೀವು ನೋಡಬೇಕಿತ್ತು. ಕೆಳಗೆ ಕನ್ನಡಿ, ಮೇಲೆ ಕಾಡಿಗೆ. ಎತ್ತಿದ ಕೈಯ ಎತ್ತರಕ್ಕೆ ದಾರ ಹಿಡಿದು ಎಳೆದಂತೆ ಒಂದು ಗೆರೆ. ಮೇಲ್ವಿಚಾರಕ ಕೂಗಾಡಿದ, ಗುತ್ತಿಗೆದಾರ ಬಂದ, ಮಗಳನ್ನು ಕೆಲಸದಿಂದ ತೆಗೆಯುತ್ತೇನೆಂದ. "ತೆಗೀರಿ. ಇಳಿಯೋಣ್ವಾ?" ಎಂದು ಅವಳು ಉಳಿದವರ ಕಡೆ ತಿರುಗಿ ಕೇಳಿದಳು. "ಇಳಿಯೋಣ" ಎಂದು ನಾಲ್ಕೂ ಶೆಡ್ಡಿನ ಹೆಂಗಸರು ಒಂದೇ ದನಿಯಲ್ಲಿ ಕೂಗಿದರು. ಗುತ್ತಿಗೆದಾರನಿಗೆ ಅದರ ಅರ್ಥ ಆಗಲಿಲ್ಲ. ಆದರೆ ಎಲ್ಲರ ಕೈಯೂ ಕುಂಚ ಕೆಳಗಿಡುವುದನ್ನು ಕಂಡ ಮೇಲೆ ಚೆನ್ನಾಗಿ ಅರ್ಥವಾಯಿತು.

ಆ ಸಂಜೆ ಮನೆಗೆ ಬಂದ ಮಗಳು "ಉಪ್ಪು ಎಲ್ಲಿದೆಯಮ್ಮಾ?" ಎಂದು ನೇರವಾಗಿ ಕೇಳಿದಳು. ದರ್ಜಿಯ ಟಪಾಲು ಕೆಲಸ ಹೋಯಿತು.

ಕೆಲವೇ ದಿನಕ್ಕೆ ಏಣಿ ಬಂತು. ಹಳದಿ ಬಣ್ಣ, ಚಕ್ರ, ಕಟ್ಟೆ, ಕಂಬಿ, ಎಲ್ಲ ಇತ್ತು. ಒಂದೇ ಒಂದು, ಮಗಳ ಶೆಡ್ಡಿಗೆ ಮಾತ್ರ. ಬಾಯಿ ಮಾಡುವವಳ ಮೂಗಿಗೆ ತುಪ್ಪ ಸವರಿದರೆ ಉಳಿದವರು ತೆಪ್ಪಗಾಗುತ್ತಾರೆಂಬ ಲೆಕ್ಕ. ಉಳಿದ ಮೂರು ಶೆಡ್ಡಿಗೆ ಡ್ರಮ್ಮುಗಳು ಸದ್ದಿಲ್ಲದೆ ವಾಪಸು ಉರುಳಿ ಬಂದವು.

ಬಾಲದವರಿಗೆ ಅಂಥ ತಂತ್ರ ಹೇಳಿಕೊಡಬೇಕೇ? ಒಬ್ಬಳು ಇಳಿದರೆ ಇನ್ನೊಬ್ಬಳು ಬೀಳುತ್ತಾಳೆಂಬುದು ಅವರ ಕಾಲಿಗೇ ಗೊತ್ತಿರುವ ಪಾಠ. ಮಗಳು ತನ್ನ ಏಣಿಯನ್ನು ತಳ್ಳಿಕೊಂಡು ಪಕ್ಕದ ಶೆಡ್ಡಿಗೆ ಹೋಗುತ್ತಾಳೆ. ಅಲ್ಲಿ ತೊಳೆದಾಗುವವರೆಗೆ ಇವರು ಕಾಯುತ್ತಾರೆ. ಆಮೇಲೆ ಅದರಾಚೆಯ ಶೆಡ್ಡಿಗೆ. ಡ್ರಮ್ಮನ್ನು ಯಾರೂ ಮುಟ್ಟುವುದಿಲ್ಲ. ಒಂದು ಏಣಿ, ನಾಲ್ಕು ಶೆಡ್ಡು. ಒಂದು ನಡೆದರೆ ಮೂರು ಕೂತಿರುತ್ತವೆ. "ಇದೇನ್ರೇ, ಮುಷ್ಕರಾನಾ?" ಎಂದು ಮೇಲ್ವಿಚಾರಕ ಕೇಳುತ್ತಾನೆ. "ಇಲ್ಲ ಸಾರ್, ಸರದಿ" ಎನ್ನುತ್ತಾರೆ. ಹೊರಗೆ ತೊಳೆಯದ ವಿಮಾನಗಳ ಸಾಲು ಬೆಳೆಯುತ್ತಿದೆ.

ಮಸಿಯಕ್ಕ ಹೊಸ ಹಲಗೆ ಮಾಡಿಲ್ಲ. ಮೂತಿಗೆ ತೂಕವನ್ನೂ ತುಂಬಿಲ್ಲ. ಕಿಟಕಿಯ ಮೇಜಿನ ಮೇಲೆ ಆ ವಿಮಾನ ಮೂತಿ ಮೇಲೆ ಮಾಡಿ, ಅಂಡೂರಿ, ಬೀದಿಯಲ್ಲಿ ಹೋಗುವವರನ್ನು ನೋಡುತ್ತಾ ಕೂತಿದೆ. ಕಾಣದ ಕಡ್ಡಿ ಆನಿಸುತ್ತೇನೆಂದು ಅಂಗಡಿಯವನು ಈಗಲೂ ಹೇಳುತ್ತಾನೆ. "ಮೂರು ಏಣಿ ಬರಲಿ, ಅವತ್ತು ಎದ್ದೇಳತ್ತೆ" ಎನ್ನುತ್ತಾಳೆ.

ಇನ್ನು ನಿಮ್ಮ ವಿಷಯ. ಇದೇ ವಿಮಾನಗಳು ಮೈದಾನದ ಮೇಲೆ ಸಾಲಾಗಿ ಹಾರುವ ದಿನ ಬರುತ್ತದೆ. ಆಮೇಲೆ ಜನ ಹತ್ತಿರದಿಂದ ನೋಡಲೆಂದು ಅವನ್ನು ನೆಲದ ಮೇಲೆ ಹಗ್ಗ ಕಟ್ಟಿ ನಿಲ್ಲಿಸುತ್ತಾರೆ. ನೀವು ಹೋಗುತ್ತೀರಿ, ಮಕ್ಕಳನ್ನು ಹೆಗಲಿಗೇರಿಸಿಕೊಂಡು ಹೋಗುತ್ತೀರಿ, ಹೋಗಿ. ಆದರೆ ಮೂತಿಯ ಹತ್ತಿರ ಫೋಟೋ ತೆಗೆಸಿಕೊಂಡು ಬರಬೇಡಿ. ಹಿಂದಕ್ಕೆ ನಡೆಯಿರಿ, ಬಾಲ ನೋಡಿ. ಅದು ತುದಿಯವರೆಗೂ ಥಳಥಳ ಹೊಳೆಯುತ್ತಿದ್ದರೆ, ಅದನ್ನು ಹೊಳೆಯಿಸಿದವಳು ಯಾವುದರ ಮೇಲೆ ನಿಂತಿದ್ದಳು ಎಂದು ಅಲ್ಲಿ ಎದೆ ಸೆಟೆಸಿ ನಿಂತ ಅಧಿಕಾರಿಯನ್ನು ಕೇಳಿ. ಮೆಲ್ಲಗೆ ಕೇಳಬೇಡಿ, ಪಕ್ಕದವರಿಗೂ ಕೇಳಿಸಲಿ. ಏಣಿ ಎಲ್ಲಿದೆ, ತೋರಿಸಿ ಎನ್ನಿ. ತೋರಿಸುವವರೆಗೆ ಚಪ್ಪಾಳೆ ತಟ್ಟಬೇಡಿ.